ತೋರಿಸಿದ್ದು ಸಾಕು, ಇನ್ನು ತಿದ್ದಲು ಬಿಡಿ: ಕನ್ನಡದ ಹಳೆಯ ಬರಹಗಳನ್ನು ಕಾಯುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ; ನಾಡಿನ ಹಸ್ತಪ್ರತಿ ಭಂಡಾರ, ಸಂಗ್ರಹಾಲಯ, ವಿಶ್ವವಿದ್ಯಾನಿಲಯ, ಅಕಾಡೆಮಿ ಮತ್ತು ಮಠಗಳ ಗ್ರಂಥಾಲಯಗಳ ಮುಖ್ಯಸ್ಥರಿಗೆ

ಮಾನ್ಯರೇ,

"ಗಂಗರು" ಮತ್ತು "ಗ೦ಗರು". ಈ ಎರಡು ಪದಗಳನ್ನು ಒಮ್ಮೆ ದಿಟ್ಟಿಸಿ ನೋಡಿ. ಹೆಚ್ಚಿನ ಫಾಂಟುಗಳಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದೇ ಕಷ್ಟ. ಆದರೆ ಮೊದಲನೆಯದರಲ್ಲಿರುವುದು ಅನುಸ್ವಾರ, ಎರಡನೆಯದರಲ್ಲಿರುವುದು ಕನ್ನಡ ಅಂಕಿಯ ಸೊನ್ನೆ. ಕಂಪ್ಯೂಟರಿನ ಪಾಲಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಚಿಹ್ನೆಗಳು. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯವಾಗಿಸುವ ತಂತ್ರಾಂಶವಾದ ಒಸಿಆರ್‌ಗೆ ಕೊಟ್ಟಾಗ ಅದು ಅನುಸ್ವಾರವನ್ನು ಸೊನ್ನೆಯೆಂದು ಓದುವುದು ತೀರ ಮಾಮೂಲಿ. ಅವಸರದಲ್ಲಿ ಟೈಪು ಮಾಡುವವರೂ ಹಾಗೇ ಒತ್ತಿಬಿಡುತ್ತಾರೆ. ಹೀಗಾದಾಗ ತಲಕಾಡಿನ ಗಂಗರ ಬಗ್ಗೆ ಹುಡುಕಿದವರಿಗೆ ಏನೂ ಸಿಗುವುದಿಲ್ಲ, ಪುಸ್ತಕ ಅದೇ ತಾಣದಲ್ಲಿ ಕೂತಿದ್ದರೂ.

ಇಂಥ ತಪ್ಪು ಮೊದಲು ಕಣ್ಣಿಗೆ ಬೀಳುವುದು ಓದುಗರಿಗೆ. ತಿದ್ದಲು ಅರ್ಧ ನಿಮಿಷ ಸಾಕು. ಆದರೆ ನಮ್ಮ ಹೆಚ್ಚಿನ ಡಿಜಿಟಲ್ ಸಂಗ್ರಹಗಳಲ್ಲಿ ಓದುಗರು ಮಾಡಬಹುದಾದ ಕೆಲಸ ಒಂದೇ, ಪುಟ ತಿರುವುವುದು. ಕೆಲವು ಕಡೆ ಅದಕ್ಕೂ ಲಾಗಿನ್, ಮೊಬೈಲ್ ಸಂಖ್ಯೆ, ಒಟಿಪಿ ಬೇಕು. ಸಾಗರದಾಚೆ ಇರುವ ಕನ್ನಡಿಗರಲ್ಲಿ ಎಷ್ಟೋ ಮಂದಿಯ ಹತ್ತಿರ ಭಾರತದ ಮೊಬೈಲ್ ಸಂಖ್ಯೆ ಇರುವುದಿಲ್ಲ, ಅವರು ಹೊಸ್ತಿಲಲ್ಲೇ ನಿಲ್ಲುತ್ತಾರೆ.

ನಮ್ಮ ಬೇಡಿಕೆ ಇಷ್ಟೆ: ಅಂತರಜಾಲಕ್ಕೆ ಏರಿಸಿದ ಓಲೆಗರಿ, ಶಾಸನ, ಹಳೆಯ ಅಚ್ಚು ಪುಸ್ತಕ, ಛಾಯಾಚಿತ್ರಗಳನ್ನು ಜನ ಓದಿ, ಅಕ್ಷರಕ್ಕಿಳಿಸಿ, ತಿದ್ದಿ, ತಮ್ಮೂರಿನ ವಿವರ ಸೇರಿಸುವಂತೆ ತೆರೆದಿಡಿ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ ಜ್ಞಾನ ಭಾರತಂ ಯೋಜನೆ ದೇಶದ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಗುರುತಿಸಿ ದಾಖಲಿಸುವ ಗುರಿ ಇಟ್ಟುಕೊಂಡಿದೆ. ಸ್ಕ್ಯಾನಿಂಗ್ ಚುರುಕಾಗಲಿದೆ. ಈಗ ತಪ್ಪು ಪದ್ಧತಿ ಹಿಡಿದರೆ ಅದೇ ಗರಿಗಳನ್ನು ಇನ್ನೊಂದು ಸಲ ಬಿಚ್ಚಬೇಕಾಗುತ್ತದೆ, ಒಣಗಿ ಸೆಟೆದ ಗರಿಗೆ ಎರಡನೇ ಸಲ ತಾಳಿಕೊಳ್ಳುವ ಶಕ್ತಿ ಇರಬೇಕಲ್ಲ!

ಕನ್ನಡಕ್ಕೆ ಇದು ಹೊಸ ದಾರಿಯೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಯಾರು ಬೇಕಾದರೂ ಹಂಚಿ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ವಚನ ಸಂಚಯ ಎಂಬ ತಾಣ ಸಾವಿರಾರು ವಚನಗಳನ್ನು ಪದ ಹಿಡಿದು ಹುಡುಕುವಂತೆ ಮಾಡಿದೆ. ಅಲ್ಲಿ "ಕಾಯಕ" ಎಂದು ಹುಡುಕಿ ಅದು ಯಾವ ವಚನಕಾರರಲ್ಲಿ ಹೇಗೆ ಬಂದಿದೆ ಎಂದು ನೋಡುವುದೇ ಒಂದು ಪಾಠ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಶಾಸನ ಸುಮಾರು ಕ್ರಿ.ಶ. 750ರದು, ಅದು ಇವತ್ತು ಮಂಟಪದ ನೆರಳಲ್ಲಿ ನಿಂತಿರುವುದು ನೆರೆಹೊರೆಯ ನಾಗರಿಕರು ಕೈಜೋಡಿಸಿದ್ದರಿಂದ. ಇವೆಲ್ಲ ಅಲ್ಲಲ್ಲಿ, ಕೆಲವರ ಉತ್ಸಾಹದ ಮೇಲೆ ನಡೆದಿವೆ. ಸಂಸ್ಥೆಗಳು ಇದನ್ನು ದಿನದ ಕೆಲಸದ ಭಾಗ ಮಾಡಿಕೊಳ್ಳಲಿ ಎಂಬುದಕ್ಕೇ ಈ ಪತ್ರ.

ಮೊದಲು ಚಿತ್ರದ ಮಾತು, ಏಕೆಂದರೆ ಚಿತ್ರ ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ.

ಅಚ್ಚಾದ ಪುಸ್ತಕಕ್ಕೆ ಇಂಚಿಗೆ 300 ಚುಕ್ಕಿ ಕನಿಷ್ಠ. ಅಡಿಟಿಪ್ಪಣಿಯ ಸಣ್ಣ ಅಕ್ಷರಗಳಿದ್ದರೆ 400 ಬೇಕೇಬೇಕು. ಕಪ್ಪು-ಬಿಳುಪಿನ ಒಂದು ಬಿಟ್ ಸ್ಕ್ಯಾನ್ ದಯವಿಟ್ಟು ಬೇಡ. ಕಡತ ಚಿಕ್ಕದಾಗುತ್ತದೆ, ನಿಜ. ಆದರೆ ಕನ್ನಡದಲ್ಲಿ ಬ ಮತ್ತು ಭ, ಡ ಮತ್ತು ಢ, ದ ಮತ್ತು ಧ ನಡುವಿನ ಅಂತರ ಅಕ್ಷರದ ಬುಡದಲ್ಲಿರುವ ಒಂದು ಚಿಕ್ಕ ಸೀಳು. ಸವೆದ ಸೀಸದ ಅಚ್ಚುಮೊಳೆಯಲ್ಲಿ ಮೊದಲೇ ಮಸುಕಾಗಿರುವ ಆ ಮಹಾಪ್ರಾಣದ ಸೀಳು ಕಪ್ಪು-ಬಿಳುಪಿಗೆ ಇಳಿಸಿದ ಕೂಡಲೇ ಮಾಯ. ಕೆಲವು ಪಿಡಿಎಫ್ ತಂತ್ರಾಂಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಥರ ಕಾಣುವ ಅಕ್ಷರಗಳ ಒಂದು ಚಿತ್ರವನ್ನಷ್ಟೇ ಇಟ್ಟುಕೊಂಡು ಉಳಿದೆಡೆ ಅದನ್ನೇ ಅಂಟಿಸುತ್ತವೆ. ಈ ಜಾಣತನದಿಂದ ಸ್ಕ್ಯಾನರುಗಳು ಇಂಗ್ಲಿಷ್ ಅಂಕಿ 6 ಅನ್ನು 8 ಮಾಡಿಟ್ಟದ್ದು 2013ರಲ್ಲಿ ಬಯಲಾಗಿ ದೊಡ್ಡ ಸುದ್ದಿಯಾಯಿತು. ಅಂಥ ಯಂತ್ರದ ಕೈಗೆ ನಮ್ಮ ಬ-ಭ ಸಿಕ್ಕರೆ ಏನಾದೀತು ಹೇಳಿ. ಅದಕ್ಕೇ ಮೂಲ ಪ್ರತಿಯನ್ನು ನಷ್ಟವಿಲ್ಲದ ಟಿಫ್ ರೂಪದಲ್ಲಿ ಬಣ್ಣಸಹಿತ ಇಡಿ. ಜನರಿಗೆ ಕೊಡುವ ಹಗುರ ಪ್ರತಿಯನ್ನು ಅದರಿಂದ ಬೇರೆಯಾಗಿ ತಯಾರಿಸಿ.

ಓಲೆಗರಿಗೆ ಇಂಚಿಗೆ 600 ಚುಕ್ಕಿ ಇರಲಿ. ಲೆಕ್ಕ ಹೀಗೆ: 40 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಗರಿಯ ಒಂದು ಮಗ್ಗುಲು ಸುಮಾರು 9,450 ಚುಕ್ಕಿ ಉದ್ದ, 945 ಚುಕ್ಕಿ ಅಗಲ. ಕುಗ್ಗಿಸದೆ ಇಟ್ಟರೆ 27 ಎಂಬಿ. 150 ಗರಿಗಳ ಕಟ್ಟಿಗೆ 300 ಮಗ್ಗುಲು, ಹತ್ತಿರ ಹತ್ತಿರ 8 ಜಿಬಿ. ಇವತ್ತು ಒಂದು ಪೆನ್‌ಡ್ರೈವಿಗೆ ಹಿಡಿಯುವಷ್ಟು. ಜಾಗವಿಲ್ಲ ಎಂಬ ಕಾರಣ ಇನ್ನು ನಡೆಯದು. ಪ್ರತಿ ಚಿತ್ರದಲ್ಲೂ ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಇರಬೇಕು. ಗರಿಗೆ ದೀಪದ ಕಪ್ಪು ಸವರುವ ಮುಂಚೆ ಒಂದು, ಸವರಿದ ಮೇಲೆ ಒಂದು ಚಿತ್ರ ತೆಗೆದರೆ ಉತ್ತಮ. ಕಂಟ ಎಂಬ ಮೊನೆಯ ಕಡ್ಡಿಯಿಂದ ಕೊರೆದ ಗೀರು ಎಷ್ಟೋ ಸಲ ಓರೆಬೆಳಕಿಗೇ ಚೆನ್ನಾಗಿ ಕಾಣುತ್ತದೆ, ಕಪ್ಪು ಹಚ್ಚಿದಾಗ ಹುಳು ತಿಂದ ಗೆರೆಗೂ ಮಸಿ ತುಂಬಿ ಅದೂ ಒಂದು ಅಕ್ಷರದಂತೆ ನಿಂತುಬಿಡುತ್ತದೆ. ದಾರ ಪೋಣಿಸುವ ತೂತು, ಅಂಚಿನಲ್ಲಿ ಬರೆದ ಗರಿಯ ಸಂಖ್ಯೆ, ಏನೂ ಬರೆಯದ ಗರಿ, ಕಟ್ಟಿನ ಮರದ ಹಲಗೆ ಯಾವುದನ್ನೂ ಕತ್ತರಿಸಬೇಡಿ. ದಾರ ಕಡಿದು ಗರಿಗಳು ಕಲಸಿಹೋದ ಕಟ್ಟನ್ನು ಮತ್ತೆ ಜೋಡಿಸುವವರಿಗೆ ಆ ಅಂಚಿನ ಸಂಖ್ಯೆಯೇ ದಿಕ್ಕು.

ಕಡಿತದ ವಿಷಯ ಇನ್ನೂ ನಾಜೂಕು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಚಿ, ಬಳಪದಲ್ಲಿ ಬರೆದ ಲೆಕ್ಕದ ಪುಸ್ತಕಗಳಿವು. ಶೃಂಗೇರಿ ಮಠದ ಕಡಿತಗಳು ಇತಿಹಾಸಕಾರರಿಗೆ ಚಿರಪರಿಚಿತ. ಬಳಪದ ಬರಹ ಬೆರಳು ತಾಗಿದರೂ ಅಳಿಸುತ್ತದೆ. ಇದರ ಮೇಲೆ ಗಾಜು ಒತ್ತುವ ಸ್ಕ್ಯಾನರ್ ಇಡುವುದೆಂದರೆ ಒರೆಸುಬಟ್ಟೆ ಇಟ್ಟ ಹಾಗೆ. ಮೇಲಿಂದ ತೂಗುಬಿಟ್ಟ ಕ್ಯಾಮೆರಾ, ಎರಡು ಮಗ್ಗುಲಿನಿಂದ ದೀಪ, ಮಡಿಕೆ ಬಿಚ್ಚಲು ಇಬ್ಬರು: ಬೇರೆ ದಾರಿ ಇಲ್ಲ.

ಮತ್ತೊಂದು ಮಾತು, ವಾಟರ್‌ಮಾರ್ಕ್. ಪುಟದ ನಡುಮಧ್ಯೆ ಓರೆಯಾಗಿ ಸಂಸ್ಥೆಯ ಹೆಸರು ಒತ್ತಿದರೆ ಕಳ್ಳರೇನೂ ಹೆದರುವುದಿಲ್ಲ, ಒಸಿಆರ್ ಮಾತ್ರ ಹೆದರುತ್ತದೆ. ಹೆಸರು ಬೇಕಿದ್ದರೆ ಪುಟದ ಕೆಳಗೆ ಬೇರೆ ಪಟ್ಟಿಯಲ್ಲಿ ಹಾಕಿ.

ಇನ್ನು ಪಠ್ಯ. ಜನರ ಕೈ ನಿಜವಾಗಿ ಬೇಕಾಗುವುದು ಇಲ್ಲಿ.

ಒಸಿಆರ್ ಮಾಡಿದ ಕನ್ನಡ ಪುಟವೊಂದರ ಕರಡು ತಿದ್ದಲು ಅಭ್ಯಾಸವಿರುವವರಿಗೆ ಹತ್ತರಿಂದ ಇಪ್ಪತ್ತು ನಿಮಿಷ. ಕಾಲು ಗಂಟೆಯಂತೆ ಹಿಡಿದರೆ 300 ಪುಟದ ಪುಸ್ತಕಕ್ಕೆ 75 ಗಂಟೆ. ಎರಡನೆಯವರ ಪರಿಶೀಲನೆಗೆ ಅದರ ಅರ್ಧ. ಬೇರೆ ಕೆಲಸಗಳ ನಡುವೆ ಒಬ್ಬ ನೌಕರರಿಗೆ ಇದನ್ನು ಹೊರಿಸಿದರೆ ತಿಂಗಳುಗಟ್ಟಲೆ ಎಳೆಯುತ್ತದೆ. ದಿನಕ್ಕೆ ಮೂರು ಪುಟದಂತೆ ಇಪ್ಪತ್ತು ಮಂದಿ ಕೂತರೆ ಮೊದಲ ಸುತ್ತು ಐದು ದಿನದಲ್ಲಿ ಮುಗಿಯುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಇದಕ್ಕೆ ಸಿದ್ಧ ವ್ಯವಸ್ಥೆಯೇ ಇದೆ: ಪರದೆಯ ಒಂದು ಬದಿಗೆ ಪುಟದ ಚಿತ್ರ, ಇನ್ನೊಂದು ಬದಿಗೆ ಪಠ್ಯ. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ್ದು ಹಳದಿ, ಇನ್ನೊಬ್ಬರು ನೋಡಿ ಒಪ್ಪಿದ್ದು ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲಾಗದು. ಯಾರು, ಯಾವಾಗ, ಯಾವ ಅಕ್ಷರ ತಿದ್ದಿದರು ಎಂಬುದೆಲ್ಲ ಉಳಿದಿರುತ್ತದೆ. ತಪ್ಪಾದರೆ ಒಂದು ಗುಂಡಿಯಲ್ಲಿ ಹಿಂದಕ್ಕೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ತನ್ನ ಹಳೆಯ ಪತ್ರಿಕೆಗಳ ಪಠ್ಯವನ್ನು ಓದುಗರೇ ಸಾಲು ಸಾಲಾಗಿ ತಿದ್ದಲು 2008ರಲ್ಲೇ ಬಿಟ್ಟಿತು. ಕಿಡಿಗೇಡಿಗಳು ನುಗ್ಗಿ ಹಾಳುಮಾಡುತ್ತಾರೆಂಬ ಹೆದರಿಕೆಯಲ್ಲೇ ನಮ್ಮ ಸಭೆಗಳು ಮುಗಿದುಹೋಗುತ್ತವೆ. ಹಳಗನ್ನಡದ ವ್ಯಾಕರಣ ಗ್ರಂಥದ 112ನೇ ಪುಟವನ್ನು ಕೆಡಿಸಲು ಕಾದು ಕುಳಿತ ಕಿಡಿಗೇಡಿ ಎಲ್ಲಿದ್ದಾನೋ!

ನಿಜವಾದ ಅಪಾಯ ಬೇರೆ. ಅದು ಬರುವುದು ಒಳ್ಳೆಯ ಮನಸ್ಸಿನವರಿಂದ, ಹಳೆಯ ಕಾಗುಣಿತವನ್ನು "ಸರಿಪಡಿಸುವ" ಹುಮ್ಮಸ್ಸಿನಿಂದ. ಹಳಗನ್ನಡದಲ್ಲಿ "ಬಾೞ್" ಎಂದರೆ ಬದುಕು. "ಬಾಳ್" ಎಂದರೆ ಕತ್ತಿ. "ಅಱಿ" ಎಂದರೆ ತಿಳಿ. "ಅರಿ" ಎಂದರೆ ಕತ್ತರಿಸು, ಶತ್ರು ಎಂಬ ಅರ್ಥವೂ ಉಂಟು. ಇಂದಿನ ಕನ್ನಡದಲ್ಲಿ ೞ ಮತ್ತು ಱ ಇಲ್ಲವೆಂದು ಒಬ್ಬರು ಇವನ್ನು ಳ, ರ ಎಂದು ಬದಲಾಯಿಸಿದರೆ ವೀರಗಲ್ಲಿನ ಮೇಲೆ ಬದುಕಿದವನ ಕೈಗೆ ಕತ್ತಿ ಬರುತ್ತದೆ. ತಿದ್ದುವವರಿಗೆ ಕೊಡಬೇಕಾದ ಮೊದಲ ಸೂಚನೆ ಹೀಗಿರಲಿ: ಕಂಡದ್ದನ್ನು ಕಂಡಂತೆ ಬರೆಯಿರಿ, ಮೂಲದಲ್ಲಿ ತಪ್ಪಿದ್ದರೆ ತಪ್ಪೂ ಹಾಗೇ ಇರಲಿ, ಸಾಲು ಮುರಿದಲ್ಲೇ ಸಾಲು ಮುರಿಯಿರಿ, ಅಳಿಸಿಹೋದ ಅಕ್ಷರಗಳನ್ನು ಊಹಿಸಿ ತುಂಬಿದರೆ ಚೌಕ ಕಂಸದೊಳಗಿಡಿ, ಊಹಿಸಲಾಗದಿದ್ದರೆ ಎಷ್ಟು ಅಕ್ಷರ ಹೋಗಿವೆಯೋ ಅಷ್ಟು ಚುಕ್ಕಿ ಹಾಕಿ, ಅನುಮಾನವಿದ್ದ ಅಕ್ಷರದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇಡಿ. ಈಗಿನ ಕಾಗುಣಿತದಲ್ಲಿ ಬರೆದ ರೂಪ ಬೇಕಿದ್ದರೆ ಅದು ಎರಡನೇ ಪದರ, ಪಕ್ಕದಲ್ಲಿ ಪ್ರತ್ಯೇಕವಾಗಿ. ಹುಡುಕಾಟ ಎರಡೂ ಪದರದಲ್ಲಿ ನಡೆಯಬೇಕು. "ಹಾಲು" ಎಂದು ಹುಡುಕಿದ ಶಾಲಾ ಮಕ್ಕಳಿಗೆ "ಪಾಲ್" ಇರುವ ಸಾಲು ಸಿಗುವುದು ಆಗಲೇ.

ಯೂನಿಕೋಡ್‌ನ ಕೆಲವು ಮೂಲೆಗಳನ್ನೂ ಹೇಳಿಬಿಡಬೇಕು. ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಹೆಸರು ಕೊಡುವ ಜಾಗತಿಕ ಪಟ್ಟಿ ಅದು. ೞ ಅಕ್ಷರಕ್ಕೆ ಅಲ್ಲಿನ ಪಟ್ಟಿಯಲ್ಲಿರುವ ಹೆಸರು "ಫ"! ಸೇರಿಸುವಾಗ ಆದ ತಪ್ಪು. ಒಮ್ಮೆ ಕೊಟ್ಟ ಹೆಸರು ಬದಲಾಯಿಸಬಾರದೆಂಬ ನಿಯಮದಿಂದ ಅದು ಹಾಗೇ ಉಳಿದು, ಸರಿಯಾದ ಹೆಸರು ಪಕ್ಕದಲ್ಲಿ ಟಿಪ್ಪಣಿಯಾಗಿ ನಿಂತಿದೆ. ಹೆಸರು ನೋಡಿ ಅಕ್ಷರ ಆರಿಸುವ ತಂತ್ರಜ್ಞರು ಇಲ್ಲಿ ಎಡವುತ್ತಾರೆ. ಹಳೆಯ ಕೃತಿಗಳಲ್ಲಿ ಬರುವ, ಸ್ವರವಿಲ್ಲದ ನಕಾರವನ್ನು ಸೂಚಿಸುವ ನಕಾರಪೊಲ್ಲು ಯೂನಿಕೋಡ್‌ಗೆ ಸೇರಿದ್ದು 2021ರಲ್ಲಿ. ಅದಕ್ಕಿಂತ ಮುಂಚಿನ ಫಾಂಟುಗಳಲ್ಲಿ ಅದರ ಜಾಗದಲ್ಲಿ ಬರೀ ಚೌಕ. ಅರ್ಕಾವತ್ತಿನ ತೊಡಕು ಇನ್ನೊಂದು: ಸೂರ್ಯ ಎಂಬ ಪದವನ್ನು ಅರ್ಕಾವತ್ತಿನಲ್ಲಿಯೂ ಬರೆಯಬಹುದು, ರ ಕೆಳಗೆ ಯ ಒತ್ತು ಕೊಟ್ಟೂ ಬರೆಯಬಹುದು, ಎರಡನೆಯದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ನಡುವೆ ಕೂರುತ್ತದೆ. ಹುಡುಕುವ ಯಂತ್ರ ಆ ಚಿಹ್ನೆಯನ್ನು ಕಡೆಗಣಿಸುವಂತೆ ಹೇಳಿಕೊಡದಿದ್ದರೆ ಅರ್ಧ ಸೂರ್ಯರು ಕತ್ತಲಲ್ಲೇ ಉಳಿಯುತ್ತಾರೆ. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಾದ ಸಾವಿರಾರು ಪುಟ ಇನ್ನೂ ಕಚೇರಿಗಳ ಕಂಪ್ಯೂಟರಿನಲ್ಲಿವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಒತ್ತಕ್ಷರಗಳ ಸಾಲನ್ನು ಮನುಷ್ಯರ ಕಣ್ಣೇ ನೋಡಬೇಕು. ಸೊನ್ನೆ-ಅನುಸ್ವಾರದಂಥ ತಪ್ಪುಗಳನ್ನು ಮಾತ್ರ ಯಂತ್ರದಿಂದಲೇ ಒಟ್ಟಿಗೆ ತಿದ್ದಬಹುದು: ಎರಡು ಕನ್ನಡ ಅಕ್ಷರಗಳ ನಡುವೆ ಸಿಕ್ಕಿಕೊಂಡ ಸೊನ್ನೆ ಅಂಕಿ ಸುಮ್ಮನೆ ಅಲ್ಲಿರುವುದಿಲ್ಲ. ನೋಡಲು ಒಂದೇ ಥರ ಕಾಣುವ ಮ ಮತ್ತು "ವು" ಗೊಂದಲವನ್ನು ಹೀಗೆ ಬಿಡಿಸಲಾಗದು. ಅದಕ್ಕೆ ಓದು ಬಲ್ಲವರೇ ಬೇಕು.

ಈಗ ವಿವರಪಟ್ಟಿ. ಬಿ. ಎಲ್. ರೈಸ್ ಅವರ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ, ಕೊಡಗಿನದು, ಬಂದದ್ದು 1886ರಲ್ಲಿ. ಬೆಂಗಳೂರು ಜಿಲ್ಲೆಯ ಒಂಬತ್ತನೇ ಸಂಪುಟ 1905ರದು. ಶಾಸನಗಳ ಸಂಖ್ಯೆ ಅಲ್ಲಿ ತಾಲ್ಲೂಕುವಾರು. ಆ ತಾಲ್ಲೂಕುಗಳೇ ಈಗ ಬೇರೆ. ಕ್ಲೋಸ್‌ಪೇಟೆ ರಾಮನಗರವಾಗಿದೆ, ಕಾನಕಾನಹಳ್ಳಿ ಕನಕಪುರವಾಗಿದೆ, ಕಡೂರು ಜಿಲ್ಲೆ ಚಿಕ್ಕಮಗಳೂರಾಗಿದೆ. ಹೆಸರನ್ನು "ಅಪ್‌ಡೇಟ್" ಮಾಡುವ ಭರದಲ್ಲಿ ಹಳೆಯದನ್ನು ಅಳಿಸಿದರೆ ನೂರು ವರ್ಷದ ಸಂಶೋಧನಾ ಲೇಖನಗಳ ಉಲ್ಲೇಖಗಳೆಲ್ಲ ತಂತಿ ಕಡಿದಂತೆ. ಹಳೆಯ ಹೆಸರು, ಹಳೆಯ ಸಂಖ್ಯೆ, ಈಗಿನ ಗ್ರಾಮ-ಹೋಬಳಿ-ತಾಲ್ಲೂಕು, ಕಲ್ಲು ಈಗ ಎಲ್ಲಿದೆ: ನಾಲ್ಕಕ್ಕೂ ಬೇರೆ ಬೇರೆ ಕಾಲಂ ಬೇಕು. ಹಲ್ಮಿಡಿ ಶಾಸನವನ್ನೇ ನೋಡಿ, ಊರು ಬೇಲೂರು ತಾಲ್ಲೂಕಿನದು, ಮೂಲ ಕಲ್ಲು ಮೈಸೂರಿನಲ್ಲಿದೆ, ಊರಲ್ಲಿ ನಿಂತಿರುವುದು ಪ್ರತಿಕೃತಿ.

ಕಾಲದ ಕಾಲಂ ಇನ್ನೂ ತೊಡಕಿನದು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಶಕ 1459 ಎಂದರೆ 1537. ಆದರೆ ವರ್ಷ ತಿರುಗುವುದು ಯುಗಾದಿಗೆ. ಅದೇ ಶಕವರ್ಷದ ಮಾಘ, ಫಾಲ್ಗುಣ ಬರುವಷ್ಟರಲ್ಲಿ 1538 ಆಗಿರುತ್ತದೆ. ಸಂದ ವರ್ಷವನ್ನು ಹೇಳಿದ್ದಾರೋ, ನಡೆಯುತ್ತಿರುವ ವರ್ಷವನ್ನೋ ಎಂಬುದರ ಮೇಲೆ ಮತ್ತೊಂದು ವರ್ಷ ಆಚೀಚೆ. ಅದನ್ನು ಒರೆಗೆ ಹಚ್ಚಲು ಇರುವುದೇ ಸಂವತ್ಸರದ ಹೆಸರು. ಹೀಗಿರುವಾಗ ತಂತ್ರಾಂಶ ನಾಲ್ಕಂಕಿಯ ಒಂದೇ ಇಸವಿ ಕೇಳಿ, ಕೊಡದಿದ್ದರೆ ಮುಂದೆ ಹೋಗಲು ಬಿಡದಿದ್ದರೆ, ಪಟ್ಟಿ ತುಂಬುವವರು ಏನಾದರೊಂದು ಹಾಕಿ ಮುಗಿಸುತ್ತಾರೆ. ಶಾಸನದಲ್ಲಿ ಇದ್ದಂತೆ ಶಕ, ಸಂವತ್ಸರ, ಮಾಸ, ತಿಥಿ, ವಾರ ಒಂದು ಕಡೆ. "1537–38" ಎಂಬಂತೆ ಲೆಕ್ಕ ಹಾಕಿದ್ದು ಇನ್ನೊಂದು ಕಡೆ. ಲೆಕ್ಕ ಯಾರದು ಎಂಬುದು ಮೂರನೇ ಕಡೆ.

ಪ್ರತಿಯೊಂದು ವಸ್ತುವಿಗೂ ಎಂದೂ ಬದಲಾಗದ ಒಂದು ವಿಳಾಸ ಕೊಡಿ. ತಾಣವನ್ನು ಹೊಸ ಗುತ್ತಿಗೆದಾರರು ಹೊಸದಾಗಿ ಕಟ್ಟಿದಾಗಲೆಲ್ಲ ಹಳೆಯ ಕೊಂಡಿಗಳು ಸಾಯುತ್ತವೆ. ಮೇಷ್ಟ್ರು ಪಾಠಕ್ಕೆಂದು ಇಟ್ಟುಕೊಂಡದ್ದು, ವಿಕಿಪೀಡಿಯದ ಅಡಿಟಿಪ್ಪಣಿಯಲ್ಲಿದ್ದದ್ದು, ಪಿಎಚ್‌ಡಿ ಪ್ರಬಂಧದಲ್ಲಿ ಸೇರಿದ್ದು ಎಲ್ಲವೂ ಒಂದೇ ರಾತ್ರಿಯಲ್ಲಿ ಹೋಗುತ್ತವೆ. ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ಹಳೆಯ ವಿಳಾಸಗಳು ಹೊಸ ಪುಟಕ್ಕೆ ಕರೆದೊಯ್ಯಬೇಕು. ಇಡೀ ವಿವರಪಟ್ಟಿ ಯಾವ ಕೋಷ್ಟಕ ತಂತ್ರಾಂಶದಲ್ಲೂ ತೆರೆಯುವ ಒಂದೇ ಸಿಎಸ್‌ವಿ ಕಡತವಾಗಿ ಡೌನ್‌ಲೋಡಿಗೆ ಸಿಗಬೇಕು ಎಂಬುದು ಎರಡನೇ ಸಾಲು.

ಹಕ್ಕುಸ್ವಾಮ್ಯದ ಭಯ ನಿಮಗೆ ಇರುವುದು ಸಹಜ, ಆದರೆ ಅದು ಎಲ್ಲಿ ಬೇಕೋ ಅಲ್ಲಿರಲಿ. 1957ರ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಎಣಿಸಬೇಕು. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿಯಿಂದ ಎಲ್ಲರವು. ಆಲೂರು ವೆಂಕಟರಾಯರದು 2025ರಿಂದ. ಡಿವಿಜಿಯವರದಕ್ಕೆ 2036ರವರೆಗೆ ಕಾಯಬೇಕು. ತೀರಿಕೊಂಡ ಮೇಲೆ ಮೊದಲ ಬಾರಿ ಅಚ್ಚಾದದ್ದಕ್ಕೆ ಎಣಿಕೆ ಪ್ರಕಟಣೆಯ ವರ್ಷದಿಂದ. ಸರ್ಕಾರಿ ಪ್ರಕಟಣೆಗೂ ಹಾಗೆಯೇ; 1960ರಲ್ಲಿ ಅಚ್ಚಾದದ್ದು 2021ರಿಂದ ಮುಕ್ತ. ಪಂಪನಿಗೆ ಹಕ್ಕುಸ್ವಾಮ್ಯವಿಲ್ಲ, ಪಂಪನನ್ನು ಸಂಪಾದಿಸಿದವರ ಮುನ್ನುಡಿ, ಟಿಪ್ಪಣಿ, ಗದ್ಯಾನುವಾದಗಳಿಗೆ ಇದೆ. ಆದ್ದರಿಂದ ಪುಸ್ತಕವೊಂದನ್ನು ಏರಿಸುವ ಮುಂಚೆ ಅದರೊಳಗೆ ಎಷ್ಟು ಜನರ ಕೈ ಇದೆ ಎಂದು ಎಣಿಸಿ. ಓಲೆಗರಿಯನ್ನು ಇದ್ದಂತೆ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಸಂಸ್ಥೆಗೆ ಅದರ ಮೇಲೆ ಹೊಸ ಹಕ್ಕು ಹುಟ್ಟುತ್ತದೆಂಬುದು ಗಟ್ಟಿ ವಾದವಲ್ಲ. ಬರೀ ಶ್ರಮ ಸಾಲದು, ಅಲ್ಪಸ್ವಲ್ಪವಾದರೂ ಸೃಜನಶೀಲತೆ ಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ನಿಮ್ಮದೇ ಹಕ್ಕಿರುವ ಪ್ರಕಟಣೆಗಳಿಗೆ ಪರವಾನಗಿ ಕೊಡುವಾಗ "ವಾಣಿಜ್ಯೇತರ ಬಳಕೆಗೆ ಮಾತ್ರ" ಎಂಬ ಷರತ್ತು ಸೇರಿಸಬೇಡಿ. ಅದು ಸೇರಿದರೆ ವಿಕಿಸೋರ್ಸ್, ವಿಕಿಮೀಡಿಯ ಕಾಮನ್ಸ್‌ಗಳು ತೆಗೆದುಕೊಳ್ಳುವುದಿಲ್ಲ, ಹತ್ತು ರೂಪಾಯಿಗೆ ಕಿರುಹೊತ್ತಗೆ ಅಚ್ಚು ಹಾಕುವ ಊರ ಪ್ರಕಾಶಕರೂ ಬಳಸುವಂತಿಲ್ಲ.

ಎಲ್ಲವನ್ನೂ ಬಾಗಿಲು ತೆರೆದು ಸುರಿಯಿರಿ ಎಂದು ಯಾರೂ ಹೇಳುತ್ತಿಲ್ಲ. ನೀಲಗಾರರು, ದೇವರಗುಡ್ಡರು ಹಾಡಿದ ಮಂಟೇಸ್ವಾಮಿ, ಮಾದೇಶ್ವರರ ಕಾವ್ಯದ ಧ್ವನಿಮುದ್ರಣಕ್ಕೆ ಹಾಡಿದವರ ಒಪ್ಪಿಗೆ ಬೇಕು. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಕಾನೂನಿನಲ್ಲೇ ಇದೆ. "ಜನಪದ ಗಾಯಕರು" ಎಂದು ಬರೆದು ಮುಗಿಸದೆ ಹಾಡಿದವರ, ದನಿಗೂಡಿಸಿದವರ ಹೆಸರು ಹಾಕಿ. ಬಯಲಲ್ಲಿ ಒಂಟಿಯಾಗಿರುವ ವೀರಗಲ್ಲು, ಪಾಳುಗುಡಿಗಳ ಜಾಗವನ್ನು ಮೀಟರು ಲೆಕ್ಕದಲ್ಲಿ ನಕ್ಷೆಗೆ ಹಾಕುವುದು ನಿಧಿಗಳ್ಳರಿಗೆ ದಾರಿ ತೋರಿಸಿದಂತೆ. ಸಾರ್ವಜನಿಕ ಪ್ರತಿಯಲ್ಲಿ ಅಕ್ಷಾಂಶ-ರೇಖಾಂಶವನ್ನು ಎರಡು ದಶಾಂಶಕ್ಕೆ ನಿಲ್ಲಿಸಿ, ಆಗ ಒಂದು ಕಿಲೋಮೀಟರಿನಷ್ಟು ಮಸುಕು ಬರುತ್ತದೆ. ಪೂರ್ತಿ ಸಂಖ್ಯೆ ಸಂಸ್ಥೆಯ ಕಡತದಲ್ಲಿರಲಿ. ವಸಾಹತು ಕಾಲದ ಚಿತ್ರಗಳ ಅಡಿಬರಹದಲ್ಲಿ ಜಾತಿ ಹಿಡಿದು ಹೀಯಾಳಿಸುವ ಮಾತುಗಳಿದ್ದರೆ ಅವನ್ನು ಅಳಿಸಬೇಡಿ, ಮುಂದಿಡಲೂಬೇಡಿ. "ಮೂಲ ಅಡಿಬರಹ" ಎಂಬ ಗುರುತಿನೊಂದಿಗೆ ಒಳಗಿಟ್ಟು, ಮೇಲೆ ಹೊಸ ವಿವರಣೆ ಕೊಡಿ.

ಚಿತ್ರಗಳ ಮಾತು ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಛಾಯಾಚಿತ್ರಗಳು, ನಕ್ಷೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಅಂತರಜಾಲದಲ್ಲೂ ನೋಡಲು ಸಿಗುತ್ತವೆ. ಚಿತ್ರದ ಹಿಂದಿನ ಗುಡ್ಡ ಯಾವುದು, ಆ ಹಂಚಿನ ಮನೆ ಯಾವ ಕೇರಿಯಲ್ಲಿತ್ತು ಎಂದು ಹೇಳಬಲ್ಲವರು ಇರುವುದು ಮಂಗಳೂರು, ಧಾರವಾಡ, ಕೊಡಗಿನಲ್ಲಿ, ಅದೂ ಎಪ್ಪತ್ತು ದಾಟಿದವರು. ನಮ್ಮ ಸಂಗ್ರಹಗಳಲ್ಲೂ ಹೆಸರಿಲ್ಲದ ಚಿತ್ರಗಳು ಬೇಕಾದಷ್ಟಿವೆ. ಅವನ್ನು ದೊಡ್ಡದಾಗಿ ಮುದ್ರಿಸಿ ಊರ ಗ್ರಂಥಾಲಯದ ಗೋಡೆಗೆ ಅಂಟಿಸಿ, ಪಕ್ಕದಲ್ಲೊಂದು ನೋಟ್‌ಬುಕ್ಕು ತೂಗುಹಾಕಿದರೂ ಅರ್ಧ ಕೆಲಸವಾಗುತ್ತದೆ. ಹೇಳಿದವರ ಹೆಸರು, ದಿನಾಂಕ, "ನೋಡಿದ್ದು" ಅಥವಾ "ಕೇಳಿದ್ದು" ಎಂಬ ಗುರುತು, ಇಷ್ಟು ಇದ್ದರೆ ಆ ಮಾತೂ ದಾಖಲೆಯೇ. ಹಿರಿಯರಿಗೆ ಟೈಪು ಮಾಡಲು ಬಾರದಿದ್ದರೆ ಮೊಮ್ಮಕ್ಕಳಿದ್ದಾರೆ.

ಶಾಲೆಗಳನ್ನು ಸೇರಿಸಿಕೊಳ್ಳುವುದು ಹೇಗೆ ಎಂದು ಕೇಳುವವರಿಗೆ, 40 ನಿಮಿಷದ ಒಂದು ತರಗತಿಗೆ ಹೊಂದುವ ಕ್ರಮ ಇದು. ಊರ ಹತ್ತಿರದ ವೀರಗಲ್ಲನ್ನು ಆರಿಸಿ. ಹಿಂದಿನ ದಿನ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ, ಬಿಸಿಲು ಕಲ್ಲಿಗೆ ಓರೆಯಾಗಿ ಬೀಳುವಾಗ, ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ಕಲ್ಲು ನೆರಳಿನಲ್ಲಿದ್ದರೆ ಮನೆಯ ಕನ್ನಡಿ ಹಿಡಿದು ಬಿಸಿಲನ್ನು ಮಗ್ಗುಲಿನಿಂದ ಹಾಯಿಸಬಹುದು. ನೇರ ಫ್ಲ್ಯಾಶ್ ಹಾಕಿದರೆ ಅಕ್ಷರವೆಲ್ಲ ಚಪ್ಪಟೆ. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಸೀಮೆಸುಣ್ಣ, ವಿಭೂತಿ, ಎಣ್ಣೆ ಯಾವುದನ್ನೂ ಹಚ್ಚಕೂಡದು: ಹಚ್ಚಿದವರು ತಮಗೆ ಕಂಡ ಅಕ್ಷರವನ್ನೇ ಎಳೆಯುತ್ತಾರೆ, ಮುಂದಿನವರು ಕಲ್ಲನ್ನು ಓದದೆ ಆ ಸುಣ್ಣವನ್ನೇ ಓದುತ್ತಾರೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ನಾಲ್ಕೂ ಮಗ್ಗುಲು, ಆಮೇಲೆ ಪ್ರತಿ ಸಾಲು. ಮೂರು ಆಯಾಮದ ಮಾದರಿ ಮಾಡುವ ಆಸೆ ಇದ್ದರೆ ಕಲ್ಲನ್ನು ಸುತ್ತುತ್ತಾ 60ರಿಂದ 80 ಚಿತ್ರ. ಒಂದರಲ್ಲಿ ಕಂಡದ್ದರ ಮೂರರಲ್ಲಿ ಎರಡು ಪಾಲು ಮುಂದಿನದರಲ್ಲೂ ಕಾಣಬೇಕು, ನಡುವೆ ಜೂಮ್ ಬದಲಾಯಿಸಬಾರದು.

ತರಗತಿಯಲ್ಲಿ ಮೊದಲು ಶಿಲ್ಪ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ತುರುಗೊಳ್, ಅಂದರೆ ದನ ಕದ್ದೊಯ್ಯುವ ಕಾಳಗವಾದರೆ ಹಸುಗಳೂ ಇರುತ್ತವೆ, ಮಕ್ಕಳು ಎಣಿಸಲಿ. ಆಮೇಲೆ ಬರಹ. ಗುಂಪಿಗೆ ಎರಡು ಸಾಲು. ಗುರುತು ಸಿಕ್ಕ ಅಕ್ಷರ ಬರೆಯಲಿ, ಸಿಗದದ್ದಕ್ಕೆ ಚುಕ್ಕಿ. ಶಾಸನ ಸಂಪುಟದ ಅಚ್ಚಾದ ಪಾಠವನ್ನು ಕೊನೆಯ ಹತ್ತು ನಿಮಿಷದಲ್ಲಷ್ಟೇ ತೋರಿಸಿ. ಮೊದಲೇ ತೋರಿಸಿದರೆ ಎಲ್ಲರಿಗೂ ಅದೇ ಕಾಣುತ್ತದೆ. ಅಚ್ಚಾದ ಪಾಠಕ್ಕೂ ಕಲ್ಲಿಗೂ ಹೊಂದದ ಜಾಗ ಸಿಕ್ಕರೆ ಕಲ್ಲು ಆಮೇಲೆ ಸವೆದಿರಬಹುದು, ಓದಿದವರು ತಪ್ಪಿರಬಹುದು, ಅಚ್ಚಿನ ದೋಷವೂ ಇರಬಹುದು. ಕಲ್ಲಿಗೆ ಕಾಗದ ಒತ್ತಿ ಹಿಂದೆ ತೆಗೆದ ಪಡಿಯಚ್ಚು ಇದ್ದರೆ ಅದು ತೀರ್ಪು ಹೇಳುತ್ತದೆ, ಅದಕ್ಕೇ ಪಡಿಯಚ್ಚುಗಳ ಸ್ಕ್ಯಾನ್ ಜನರಿಗೆ ಸಿಗಬೇಕು ಅನ್ನುವುದು. ಮಕ್ಕಳ ಚಿತ್ರ ಮತ್ತು ಓದು ನಿಮ್ಮ ತಾಣದಲ್ಲಿ ಆ ಶಾಸನದ ಪುಟಕ್ಕೇ ಹೋಗಿ ಕೂರಬೇಕು, ಶಾಲೆಯ ಹೆಸರಿನೊಂದಿಗೆ.

ಎಲ್ಲ ಸರಿಯಿದ್ದೂ ಇಂಥ ಕೆಲಸ ಸೊರಗುವುದು ಒಂದೇ ಜಾಗದಲ್ಲಿ: ಜನ ಕಳಿಸಿದ ತಿದ್ದುಪಡಿ ಯಾರೂ ನೋಡದೆ ಬಿದ್ದಿರುವುದು. ಕಳಿಸಿದವರು ಒಂದು ವಾರ ಕಾಯುತ್ತಾರೆ, ಎರಡು ವಾರ ಕಾಯುತ್ತಾರೆ, ಆಮೇಲೆ ಇತ್ತ ತಲೆ ಹಾಕುವುದಿಲ್ಲ. ಅಕ್ಷರದೋಷದ ತಿದ್ದುಪಡಿಗೆ ಅನುಮತಿಯ ಸರತಿಯೇ ಬೇಡ, ಎರಡನೇ ಸ್ವಯಂಸೇವಕರು ಒಪ್ಪಿದರೆ ಸಾಕು. ಪಾಠಾಂತರ, ಕಾಲನಿರ್ಣಯ, ಊರ ಗುರುತು ಮಾತ್ರ ವಿದ್ವಾಂಸರ ಮೇಜಿಗೆ ಹೋಗಲಿ. ಅವರಿಗೆ 15 ದಿನದ ಗಡುವು ಇರಲಿ. ಒಪ್ಪದಿದ್ದರೆ ಕಾರಣ ಎರಡು ಸಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಇರಲಿ. ಹಳಗನ್ನಡ ಕಲಿಯುವವರಿಗೆ ಆ ಎರಡು ಸಾಲೇ ಪಾಠ. ಇದಕ್ಕೆ ಪೂರ್ಣಾವಧಿಯ ಒಬ್ಬರು ಬೇಕು, ಹೊಸ ಕಟ್ಟಡವಲ್ಲ. ಅವರು ಕನ್ನಡ ಎಂ.ಎ. ಆಗಿದ್ದು ಯೂನಿಕೋಡ್ ಬಲ್ಲವರಾಗಿರಲಿ, ಇಲ್ಲವೇ ತಂತ್ರಜ್ಞರಾಗಿದ್ದು ೞ-ಳ ಬೇರೆಯೆಂದು ತಿಳಿದವರಾಗಿರಲಿ.

ಶುರುಮಾಡಲು ದೊಡ್ಡ ಯೋಜನೆ ಬೇಡ. ಪ್ರತಿ ಸಂಸ್ಥೆಯೂ ತನ್ನಲ್ಲಿರುವ, ಹಕ್ಕುಸ್ವಾಮ್ಯ ಮುಗಿದ, ಈಗಾಗಲೇ ಸ್ಕ್ಯಾನ್ ಆಗಿರುವ ಹತ್ತು ಪುಸ್ತಕಗಳ ಮೂಲ ಚಿತ್ರಗಳನ್ನು, ವಾಟರ್‌ಮಾರ್ಕ್ ಇಲ್ಲದೆ, ಈ ತಿಂಗಳೊಳಗೆ ಕೊಡಲಿ. ಹತ್ತು ಬೇಡ, ಮೂರು ಸಾಕು. ಪಟ್ಟಿಯಲ್ಲಿ ಪುಸ್ತಕದ ಹೆಸರು, ಅಚ್ಚಾದ ವರ್ಷ, ಪುಟಗಳ ಸಂಖ್ಯೆ, ಹರಿದ ಪುಟ ಯಾವುವು ಎಂಬಷ್ಟಿದ್ದರೆ ಮಾರನೆಯ ದಿನವೇ ಕರಡು ತಿದ್ದಲು ಕೂರಬಹುದು. ಹರಿದ ಪುಟಗಳ ಸಂಖ್ಯೆಯನ್ನು ಮರೆಯದೆ ಬರೆಯಿರಿ. ಅದೇ ಪುಸ್ತಕದ ಇನ್ನೊಂದು ಪ್ರತಿ ಯಾವುದೋ ಊರಿನ ವಾಚನಾಲಯದ ಕಪಾಟಿನಲ್ಲಿ ಇದ್ದೇ ಇರುತ್ತದೆ, ಹುಡುಕಿ ತರುವವರಿದ್ದಾರೆ.

ಇಂತಿ,
ಕನ್ನಡದ ಹಳೆಯ ಪುಸ್ತಕ, ಹಸ್ತಪ್ರತಿ ಮತ್ತು ಶಾಸನಗಳ ಸ್ಕ್ಯಾನಿಂಗ್, ಕರಡು ತಿದ್ದುವಿಕೆ, ದಾಖಲೀಕರಣದಲ್ಲಿ ತೊಡಗಿರುವ ಸ್ವಯಂಸೇವಕರು